ಹಳೆಯ ಊರಿನ ಮೇಲೆ

ಆಟೊ ಬಂದು ಬಾಗಿಲಲ್ಲಿ ನಿಂತಿದ್ದರೂ ಚೂಡಾಮಣಿ ಗ್ಯಾಸ್ ಆರಿಸಿದೆಯೋ ಇಲ್ಲವೋ ನೋಡಲು ಮತ್ತೆ ಒಳಗೆ ಹೋದಳು. ಸೀನು ಗೇಟಿನ ಚಿಲಕ ಹಿಡಿದುಕೊಂಡು ನಿಂತ. ಆರಿಸಿದ್ದಳು; ಅವಳು ಸಿಲಿಂಡರಿನ ಗುಬುಟು ತಿರುಗಿಸಿದ್ದನ್ನು ಅವನೇ ಕಣ್ಣಾರೆ ನೋಡಿದ್ದ. ಆರಿಸಿದೀಯ, ಬಾ, ಎಂದು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಕೂಗಿದರೆ ಅವಳು ನಂಬುತ್ತಿದ್ದಳು. ಈಚೆಗೆ ಅವನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು, ಇಪ್ಪತ್ತು ವರ್ಷದ ಸಂಸಾರದಲ್ಲಿ ಎಂದೂ ಇಲ್ಲದ ಹಾಗೆ. ಜಯನಗರದ ನಾಲ್ಕನೇ ಟಿ ಬ್ಲಾಕಿನ ಆ ರಸ್ತೆಯಲ್ಲಿ ಬೆಳಗಿನ ಬಿಸಿಲು ಆಗಲೇ ಕಾಂಪೌಂಡುಗಳ ಮೇಲೆ ಹತ್ತಿ ಕೂತಿತ್ತು. ಆಟೊದವನು ಹಾರ್ನ್ ಒತ್ತಿದ. ಚೂಡಾಮಣಿ ಸೆರಗು ಸರಿಮಾಡಿಕೊಳ್ಳುತ್ತ ಬಂದು, "ಆರ್ಸಿದ್ದೆ" ಎಂದಳು, ಪರೀಕ್ಷೆಯಲ್ಲಿ ಅಂತೂ ಪಾಸಾದ ಹುಡುಗಿಯ ಹಾಗೆ. ಸೀನು ಅವಳ ಮುಖ ನೋಡದೆ ಆಟೊ ಹತ್ತಿದ.

ಹೊರಟಿದ್ದು ಜೆ.ಪಿ. ನಗರದ ಒಬ್ಬ ನರರೋಗ ತಜ್ಞೆಯ ಹತ್ತಿರಕ್ಕೆ. ದಾರಿಯುದ್ದಕ್ಕೂ ಚೂಡಾಮಣಿ ಹೊರಗೆ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ದೇವರ ನಾಮವಲ್ಲ ಎಂದು ಸೀನುಗೆ ಗೊತ್ತಿತ್ತು. ಅವಳು ಬನಶಂಕರಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ರಸ್ತೆ ಬದಿಯ ಮರಗಳ ಲ್ಯಾಟಿನ್ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತ ತನ್ನನ್ನೇ ತಾನು ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಪೊಂಗೇಮಿಯ. ಪೆಲ್ಟೊಫೋರಮ್. ಒಂದು ಮರದ ಹತ್ತಿರ ತುಟಿ ನಿಂತಿತು. ಆಟೊ ಮುಂದೆ ಹೋಗಿಬಿಟ್ಟಿತು. ಅವಳು ಕತ್ತು ಹೊರಳಿಸಿ ಹಿಂದೆ ನೋಡಿದಳು, ನಂತರ ಸೀನುವಿನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ರೀ, ಬರ್ಲೇ ಇಲ್ಲ ನೋಡಿ. ದಿನಾ ಹೇಳೋ ಹೆಸ್ರು." "ಎಲ್ರಿಗೂ ಮರ್ತು ಹೋಗತ್ತೆ" ಎಂದ ಸೀನು. ಎಲ್ಲರಿಗೂ ಎಂದದ್ದು ಅವನಿಗೇ ಅಸಹ್ಯವೆನಿಸಿತು. ನಾಲಿಗೆಯ ತುದಿಯಲ್ಲಿ ಬೇರೊಂದು ವಾಕ್ಯವಿತ್ತು. ಅದು ಎಷ್ಟೋ ವಾರಗಳಿಂದ ಅಲ್ಲೇ ಇತ್ತು. ಅದನ್ನು ಹೇಳಿದ್ದರೆ ಆಟೊ ತಿರುಗಿಸಿಕೊಂಡು ಮನೆಗೆ ಹೋಗಬಹುದಿತ್ತು.

ಕಂಪ್ಯೂಟರು ಮನೆಗೆ ಬಂದದ್ದು ಅವಳ ಪಾಠದ ಕೆಲಸಕ್ಕೆ. ಊರು ಕಟ್ಟುವ ಆ ಆಟವನ್ನು ಕಾಲೇಜಿನ ಯಾರೋ ಗೆಳತಿ ಸಿ.ಡಿ.ಯಲ್ಲಿ ಕೊಟ್ಟಿದ್ದಳು. ಖಾಲಿ ನೆಲ ಕೊಡುತ್ತಾರೆ. ರಸ್ತೆ ಎಳೆಯಬೇಕು, ನೀರು ತರಬೇಕು, ಮನೆಗೆ ಜಾಗ ಗುರುತಿಸಬೇಕು. ಊರು ಹಿತವಾಗಿದ್ದರೆ ಪುಟ್ಟ ಪುಟ್ಟ ಜನ ತಾವಾಗಿಯೇ ಬಂದು ಸೇರುತ್ತಾರೆ. ಸಂಜೆ ಕಾಫಿ ಕುಡಿದ ಮೇಲೆ ಒಂದಿಷ್ಟು ಹೊತ್ತು ಅವಳು ಅದರ ಮುಂದೆ ಕೂರುತ್ತಿದ್ದಳು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಊರು ಬೆಳೆದು ನದಿ ದಾಟಿತ್ತು. ಸೀನು ಹಿಂದಿನ ಕುರ್ಚಿಯಲ್ಲಿ ಪೇಪರು ಹಿಡಿದುಕೊಂಡು ಪೇಪರಿನ ಅಂಚಿನಿಂದ ನೋಡುತ್ತಿದ್ದ. ಅವನು ಹುಟ್ಟಾ ನಕ್ಷೆಗಾರ. ಉತ್ತರಹಳ್ಳಿ, ವಸಂತಪುರದ ಕಡೆಯ ಹೊಲಗಳನ್ನು ಸೈಟುಗಳಾಗಿ ಕತ್ತರಿಸುವ ಖಾಸಗಿ ಕಚೇರಿಯಲ್ಲಿ ವರ್ಷಗಟ್ಟಲೆ ಟಿ-ಸ್ಕ್ವೇರ್ ಪಟ್ಟಿ ಹಿಡಿದು ಬಡಾವಣೆಗಳನ್ನು ಬರೆದಿದ್ದ. ಅವನ ಗೆರೆಯಷ್ಟು ನೇರ ಗೆರೆ ಬೇರೆ ಯಾರದೂ ಇಲ್ಲ ಎಂದು ಯಜಮಾನರು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಆಮೇಲೆ ಕಚೇರಿಗೆ ಕಂಪ್ಯೂಟರುಗಳು ಬಂದವು, ಗೆರೆ ಎಳೆಯಲು ಕೈ ಬೇಡವಾಯಿತು. ಒಂದು ದಿನ ಅದೇ ಯಜಮಾನರು ಅವನ ಡ್ರಾಯಿಂಗ್ ಬೋರ್ಡನ್ನು ಅವನಿಗೇ ಉಡುಗೊರೆಯಾಗಿ ಕೊಟ್ಟು, ಆಟೊಗೆ ಹತ್ತಿಸಿ, ಕೈ ಕುಲುಕಿದರು. ಮನೆಯಲ್ಲಿ ಈಗ ಅವನು ಅಡಿಗೆ ಮಾಡುತ್ತಿದ್ದ, ಕೆಟ್ಟದಾಗೇನೂ ಅಲ್ಲ. ಆದರೆ ಊರಿಗೆ ರಸ್ತೆ ಎಳೆಯುವಾಗ ಚೂಡಾಮಣಿ ಒಂದು ಸಲವಾದರೂ ಹಿಂದೆ ತಿರುಗಿ, ಇದು ಹೇಗಿರಬೇಕು ರೀ, ಎಂದು ಕೇಳಬಹುದು ಎಂದು ಅವನು ಕಾಯುತ್ತಿದ್ದ. ಅವಳು ಕೇಳಲಿಲ್ಲ. ಕೇಳಬಾರದೆಂದಲ್ಲ, ಅವಳಿಗೆ ಹೊಳೆಯಲೇ ಇಲ್ಲ. ಮರವೊಂದು ಅಡ್ಡ ಬಂದರೆ ರಸ್ತೆಯನ್ನು ಮರದ ಸುತ್ತ ಬಳಸಿ ಒಯ್ಯುತ್ತಿದ್ದಳು. ಸೊಟ್ಟ, ಎಲ್ಲ ಸೊಟ್ಟ. ಆ ಸೊಟ್ಟ ರಸ್ತೆಗಳ ಬದಿಗೇ ಜನ ಬಂದು ಬಂದು ಮನೆ ಮಾಡುತ್ತಿದ್ದರು. ವಸಂತಪುರದಲ್ಲಿ ಅವನು ನೇರ ಗೆರೆ ಎಳೆದಲ್ಲೆಲ್ಲ ಏನೇನು ಅಡ್ಡ ಇತ್ತೋ ಅವನು ನೋಡಿರಲಿಲ್ಲ. ನಕ್ಷೆಯಲ್ಲಿ ಮರ ಇರುತ್ತಿರಲಿಲ್ಲ.

ಮಾಡ್ ಎಂಬ ಶಬ್ದವನ್ನು ಅವನು ಮೊದಲು ಓದಿದ್ದು ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ. ಆಟ ಮಾಡಿದವರಲ್ಲ, ಆಡುವವರೇ ಮಾಡಿ ಹಂಚುವ ಸೇರಿಕೆ. ಅದನ್ನು ಹಾಕಿದರೆ ಹಳೆಯ ಆಟಕ್ಕೆ ಹೊಸ ಕಟ್ಟಡ, ಹೊಸ ರಸ್ತೆ, ಹೊಸ ಮರ ಬರುತ್ತದೆ. ಪತ್ರಿಕೆಯ ಜೊತೆಗಿದ್ದ ಸಿ.ಡಿ.ಯಲ್ಲಿ ಅವಳ ಆಟದ್ದೇ ಒಂದು ಮಾಡ್ ಇತ್ತು. ಅಗಲ ರಸ್ತೆ, ವೃತ್ತ, ಗೋಪುರವಿರುವ ಗುಡಿ. ಅವಳ ಹುಟ್ಟುಹಬ್ಬ ಹತ್ತಿರವಿತ್ತು. ಹಾಕಿಟ್ಟು ಬೆರಗು ಮಾಡೋಣ ಎಂದುಕೊಂಡ. ಈ ಮಾತು ನಿಜ, ಆಣೆ ಮಾಡಿ ಹೇಳಬಲ್ಲ. ಆವತ್ತು ಅವಳು ತಲೆನೋವೆಂದು ಅರ್ಧ ದಿನಕ್ಕೇ ಕಾಲೇಜಿನಿಂದ ಬಂದು ಮಾತ್ರೆ ನುಂಗಿ ಒಳಕೋಣೆಯಲ್ಲಿ ಮಲಗಿದ್ದಳು. ಸಿ.ಡಿ.ಯಲ್ಲಿ ಸೂಚನೆಗಳ ಒಂದು ಹಾಳೆ ಇತ್ತು. ಉಳಿಸಿಟ್ಟ ಹಳೆಯ ಆಟಗಳನ್ನು ಮೊದಲು ಬೇರೊಂದು ಜಾಗಕ್ಕೆ ನಕಲು ಮಾಡಿಕೊಳ್ಳಿ. ಮಾಡ್ ಹಾಕಿದ ಮೇಲೆ ಹೊಸ ಊರಿನಿಂದಲೇ ಶುರು ಮಾಡಿ. ಹಳೆಯ ಊರನ್ನು ತೆರೆದು ನೋಡಿದರೂ ಅದರ ಮೇಲೆ ಮತ್ತೆ ಉಳಿಸಬೇಡಿ. ಅವನು ಅದನ್ನು ಓದಿದ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ನಕಲು ಮಾಡುವುದು ಅವನಿಗೆ ಬರುತ್ತಿತ್ತು, ಚೂಡಾಮಣಿಯೇ ಕಲಿಸಿದ್ದಳು. ಆದರೂ ಮಾಡಲಿಲ್ಲ. ಏನಾಗತ್ತೆ ಎಂದುಕೊಂಡನೇ? ಅಥವಾ ಏನಾದರೂ ಆಗಲಿ ಎಂದುಕೊಂಡನೇ? ಈ ಒಂದು ಪ್ರಶ್ನೆಯ ಸುತ್ತ ಆಮೇಲಿನ ದಿನಗಳಲ್ಲಿ ಎಷ್ಟು ಸುತ್ತಿದರೂ ಉತ್ತರ ಸಿಕ್ಕಿರಲಿಲ್ಲ. ಸಿಗುತ್ತದೆ ಅನ್ನಿಸಿದಾಗಲೆಲ್ಲ ಅವನೇ ಬೇರೆ ಕಡೆ ನೋಡುತ್ತಿದ್ದ.

ಮಾಡ್ ಹಾಕಿ ಅವಳ ಊರನ್ನು ತೆರೆದಾಗ ಮೊದಲು ಅದು ತೆರೆಯಿತು ಎಂಬ ಸಂತೋಷವೇ ಆಗಿತ್ತು. ಆಮೇಲೆ ಕಂಡಿತು. ಮರಗಳಿರಲಿಲ್ಲ, ಒಂದೂ. ಮನೆಗಳಿದ್ದ ಕಡೆ ಮಣ್ಣುಬಣ್ಣದ ಖಾಲಿ ಪೆಟ್ಟಿಗೆಗಳು. ಸೇತುವೆ ನದಿಯ ಮಧ್ಯದಲ್ಲಿ ಕೊನೆಯಾಗಿತ್ತು. ಸರಿಮಾಡೋಣವೆಂದು ಅಲ್ಲಿ ಇಲ್ಲಿ ಒತ್ತಿದ. ರಸ್ತೆಯೊಂದನ್ನು ನೇರ ಮಾಡಿ ನೋಡಿದ, ಹೌದು, ಅಂಥ ಹೊತ್ತಿನಲ್ಲೂ ಅದನ್ನು ಮಾಡಿದ. ಒಳಕೋಣೆಯ ಮಂಚ ಕಿರುಗುಟ್ಟಿತು. ಚೂಡಾಮಣಿ ಎದ್ದ ಸದ್ದು. ಅವಸರದಲ್ಲಿ ಆಟ ಮುಚ್ಚಲು ಹೋದರೆ ಪರದೆಯ ಮೇಲೊಂದು ಪ್ರಶ್ನೆ: ಹಳೆಯದರ ಮೇಲೆ ಉಳಿಸಲೇ? ಹೌದು, ಇಲ್ಲ. ಅವನ ಬೆರಳು ಹೌದು ಒತ್ತಿತು. ಚೂಡಾಮಣಿ ಕಣ್ಣು ಅರೆಮುಚ್ಚಿಕೊಂಡೇ ಅಡಿಗೆಮನೆಗೆ ಹೋಗಿ, ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದು, ಮತ್ತೆ ಹೋಗಿ ಮಲಗಿದಳು. ಅವನು ಮಾಡನ್ನು ತೆಗೆದುಹಾಕಿದ. ಸಿ.ಡಿ.ಯನ್ನು ಹಳೆಯ ಪೇಪರುಗಳ ಕೆಳಗೆ ತುರುಕಿದ. ತೆಗೆದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ಅಂದುಕೊಂಡಿದ್ದ. ಆಗಲಿಲ್ಲ.

ಮಾರನೆಯ ಸಂಜೆ ಅವನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ ಹಾಲಿನಿಂದ ಅವಳ ದನಿ ಬಂತು. "ರೀ, ನೀವೇನಾದ್ರೂ ಇದನ್ನ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ?"

ಅದು ಪ್ರಶ್ನೆ, ಸುಳ್ಳಲ್ಲ, ಎಂದು ಆ ಕ್ಷಣ ತನಗೆ ತಾನೇ ಹೇಳಿಕೊಂಡದ್ದು ನೆನಪಿದೆ. ಅವನು ತಟ್ಟೆ ಹಿಡಿದುಕೊಂಡು ಬಂದಾಗ ಅವಳು ಪರದೆಯ ಮೇಲೆ ಬೆರಳಿಟ್ಟು ಏನನ್ನೋ ಓದುತ್ತಿದ್ದಳು. "ನಿನ್ನೆ ಮಧ್ಯಾಹ್ನ ಸೇವ್ ಆಗಿದೆ. ನಾನು ಮಲಗಿದ್ನಲ್ಲ. ನಾನೇನಾದ್ರೂ ಎದ್ದು ಬಂದು ಇಲ್ಲಿ ಕೂತಿದ್ನಾ?" ತಿರುಗಿ ಅವನನ್ನು ನೋಡಿದಳು. ಅದು ಅನುಮಾನದ ನೋಟವಾಗಿರಲಿಲ್ಲ. ಅನುಮಾನವಾಗಿದ್ದಿದ್ದರೆ ಅವನು ಬಹುಶಃ ಒಪ್ಪಿಕೊಳ್ಳುತ್ತಿದ್ದ. ಅದು ಹೆದರಿಕೆ. ತಟ್ಟೆಯನ್ನು ಮೇಜಿನ ಮೇಲಿಡುತ್ತ ಸೀನು ಹೇಳಿದ: "ಮಧ್ಯೆ ಒಂದ್ಸಲ ನೀನು ಎದ್ದಿದ್ದೆ ಅನ್ಸತ್ತೆ."

ಎದ್ದಿದ್ದು ನಿಜ. ನೀರು ಕುಡಿಯಲು.

ಅವಳ ತಾಯಿ ಗಿರಿಜಾದೇವಿ ಬಸವನಗುಡಿಯಲ್ಲಿ ಮಗನ ಮನೆಯಲ್ಲಿದ್ದರು. ಮರೆವು ಅವರಿಗೆ ಶುರುವಾದದ್ದೂ ಹೀಗೇ. ಮಾಡಿದ್ದು ಗೊತ್ತಿಲ್ಲ, ಮಾಡದ್ದನ್ನು ಮಾಡಿದೆ ಎನ್ನುವುದು. ವಾರಕ್ಕೊಮ್ಮೆ ಚೂಡಾಮಣಿ ಹೋಗಿ ತಲೆಗೆ ಎಣ್ಣೆ ಹಚ್ಚಿ ಬರುತ್ತಿದ್ದಳು. ಆ ಉಪ್ಪಿಟ್ಟಿನ ಸಂಜೆಯ ನಂತರ ಅವಳಲ್ಲಿ ಏನೋ ಕುಸಿಯಿತು. ಬಾಗಿಲು ಹಾಕಿ ಬೀದಿಯ ತುದಿಯವರೆಗೆ ಹೋಗಿ ಬೀಗ ನೋಡಲು ವಾಪಸು ಬರುತ್ತಿದ್ದಳು. ಪಾಠದ ಮಧ್ಯೆ ಶಬ್ದ ಸಿಗಲಿಲ್ಲವೆಂದು ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದಳು. ಕೊನೆಯ ವರ್ಷದ ಹುಡುಗಿಯರ ಪಾಠ ತನ್ನಿಂದ ಆಗುವುದಿಲ್ಲವೆಂದು ಪ್ರಿನ್ಸಿಪಾಲರಿಗೆ ಹೇಳಿ ಬಿಟ್ಟುಕೊಟ್ಟಳು. ಕಂಪ್ಯೂಟರಿಗೆ ಬಟ್ಟೆ ಹೊದಿಸಿದಳು. ಮತ್ತು ಪ್ರತಿಯೊಂದಕ್ಕೂ ಅವನನ್ನು ಕೇಳತೊಡಗಿದಳು. ನಾನು ಬೀಗ ಹಾಕಿದ್ನಾ ರೀ? ಅಣ್ಣನಿಗೆ ಫೋನ್ ಮಾಡಿದ್ನಾ? ಇದಕ್ಕೆ ಉಪ್ಪು ಹಾಕಿದೀನಾ? ಆಗ ಅವನಲ್ಲಿ ಒಂದು ಬೆಚ್ಚಗಿನ ಭಾವ ಏಳುತ್ತಿತ್ತು. ಇದನ್ನೇ ಅವನು ಯಾರಿಗೂ, ಡಾಕ್ಟರಿಗೂ, ದೇವರಿಗೂ ಹೇಳಲಾರ. ಕೇಳುತ್ತಿದ್ದಾಳೆ. ಕೊನೆಗೂ ಹಿಂದೆ ತಿರುಗಿ ನನ್ನನ್ನು ಕೇಳುತ್ತಿದ್ದಾಳೆ. ಆ ಭಾವದ ಬೆನ್ನಿಗೇ ಬಾಯಲ್ಲಿ ಕಹಿ ನೀರು ಬರುತ್ತಿತ್ತು, ಬಚ್ಚಲಿಗೆ ಹೋಗಿ ಉಗಿದು ಬರುತ್ತಿದ್ದ. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ನಾಳೆ ಹೇಳಿದರೆ, ಇವತ್ತಿನ ತನಕ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಡಾಕ್ಟರ್ ವಿಜಯಲಕ್ಷ್ಮಿ ಧಾರವಾಡದ ಕಡೆಯವರು, ಐವತ್ತರ ಆಸುಪಾಸು, ಕಿವಿಯಲ್ಲಿ ದೊಡ್ಡ ಮುತ್ತಿನ ಓಲೆ. ಚೂಡಾಮಣಿ ಹೇಳುತ್ತಾ ಹೋದದ್ದನ್ನೆಲ್ಲ ಅವಸರವಿಲ್ಲದೆ ಕೇಳಿದರು. ತಾಯಿಯ ವಿಷಯ ಕೇಳಿದರು. ನಂತರ, "ಮೊದಲ ಸಲ ಯಾವಾಗ ಹೆದ್ರಿಕಿ ಆತ್ರಿ ನಿಮಗ?" ಎಂದರು. ಚೂಡಾಮಣಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪಾಠ ಒಪ್ಪಿಸುವಂತೆ ಹೇಳಿದಳು. "ಕಂಪ್ಯೂಟರಲ್ಲಿ ಒಂದು ಆಟ ಇದೆ ಡಾಕ್ಟ್ರೆ. ಊರು ಕಟ್ಟೋದು. ಎರಡು ವರ್ಷದಿಂದ ಕಟ್ಟಿದ್ದೆ. ಒಂದು ಮಧ್ಯಾಹ್ನ ನಾನೇ ಎದ್ದು ಬಂದು ಅದನ್ನ ಪೂರ್ತಿ ಹಾಳು ಮಾಡಿದೀನಿ. ಒಂದೊಂದು ಮರಾನೂ ಕಿತ್ತಿದೀನಿ. ನನಗೆ ನೆನಪೇ ಇಲ್ಲ." ಸ್ವಲ್ಪ ನಿಲ್ಲಿಸಿ, ದನಿ ತಗ್ಗಿಸಿ ಹೇಳಿದಳು: "ಮರ ಯಾಕೆ ಕಿತ್ತೆ ಅಂತ ಅರ್ಥ ಆಗಲ್ಲ. ನಾನು ಅಂಥೋಳಲ್ಲ."

ಡಾಕ್ಟರು ಸೀನುವಿನ ಕಡೆ ತಿರುಗಿದರು. "ಇಂಥಾದ್ರಾಗ ಪೇಶಂಟ್ ಹೇಳೂದಕ್ಕಿಂತ ಮನಿಯವರು ಹೇಳೂದು ಭಾಳ ಮುಖ್ಯರಿ. ನೀವು ಏನು ನೋಡೀರಿ, ಹೇಳ್ರಿ."

ಗೋಡೆಯ ಮೇಲೆ ಮೆದುಳಿನ ಚಿತ್ರವೊಂದಿತ್ತು, ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ, ಅವನು ಬರೆಯುತ್ತಿದ್ದ ಬಡಾವಣೆಗಳ ಹಾಗೆ. ಚೂಡಾಮಣಿ ಅವನನ್ನೇ ನೋಡುತ್ತಿದ್ದಳು. ಅವನ ಬಾಯಿಂದ ಏನು ಬರುತ್ತದೋ ಅದನ್ನೇ ತನ್ನ ಬದುಕು ಎಂದು ಒಪ್ಪಿಕೊಳ್ಳಲು ತಯಾರಾಗಿ ಕೂತಿದ್ದಳು. ಹೊರಗೆ ಯಾರೋ ಟೋಕನ್ ಕೂಗಿದರು. ಸೀನುವಿಗೆ ತನ್ನ ದನಿಯೇ ದೂರದಿಂದ ಕೇಳಿಸಿತು. "ಅದು ಅವಳಲ್ಲ ಡಾಕ್ಟ್ರೆ. ನಾನು. ಒಂದು ಮಾಡ್ ಹಾಕೋಕೆ ಹೋದೆ... ಹಳೇದನ್ನ ಕಾಪಿ ಮಾಡಿಟ್ಕೊಳ್ಳಿಲ್ಲ. ಹಾಳಾಯ್ತು. ನಾನೇ ಹಾಳು ಮಾಡಿದ್ದು."

ಮೊದಲು ಚೂಡಾಮಣಿ ನಕ್ಕಳು. ಎಷ್ಟು ದಿನವಾಗಿತ್ತು ಅವಳು ಹಾಗೆ ನಕ್ಕು! ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕು, "ನಾನಲ್ವಾ? ನಾನಲ್ವಾ ರೀ?" ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದಳು. ಸೀನು ಕೂಡ ನಗಲು ಹೊರಟ. ಅಷ್ಟರಲ್ಲಿ ಅವಳ ಕೈ ತೋಳಿನ ಮೇಲೆಯೇ ನಿಂತಿತು. ನಿಧಾನವಾಗಿ, ಒಂದೊಂದೇ ಬೆರಳನ್ನು ತೆಗೆದಳು. "ನೀವು ಹೊರಗ ಕುಂದರ್‍ರಿ ಸ್ವಲ್ಪ. ನಾನು ಇವರನ್ನ ಪೂರ್ತಿ ನೋಡ್ತೀನಿ" ಎಂದರು ಡಾಕ್ಟರು, ಅವನ ಮುಖವನ್ನು ನೋಡದೆ.

ಅವಳಿಗೆ ಏನೂ ಆಗಿರಲಿಲ್ಲ. ನಿದ್ದೆ ಕಡಿಮೆ, ಹೆದರಿಕೆ ಜಾಸ್ತಿ, ಅಷ್ಟೇ ಎಂದರಂತೆ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳೇ ಹೇಳಿದಳು, ಬೇರೆ ಯಾರದೋ ವರದಿ ಎಂಬಂತೆ. ಗೇಟಿನ ಹೊರಗೆ ಎಳನೀರಿನವನ ಗಾಡಿಯ ನೆರಳಲ್ಲಿ ನಿಂತರು. ಸೀನು ಎರಡು ಎಳನೀರು ಹೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. ಮೊದಲೇ ಕೆತ್ತಿಬಿಟ್ಟಿದ್ದರಿಂದ ಅವನು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕಾಯಿತು.

"ಊರು ಹೋಗ್ಲಿ" ಎಂದಳು ಚೂಡಾಮಣಿ. "ಇನ್ನೊಂದು ಕಟ್ಬೋದು. ಕೈ ತಪ್ಪಿ ಹಾಳಾಯ್ತು ಅಂತಿದ್ರೆ ಎರಡು ದಿನ ಮುಖ ಊದಿಸ್ಕೊಂಡಿರ್ತಿದ್ದೆ. ಅಷ್ಟೇ."

"ಹೇಳ್ಬೇಕು ಅಂತ ದಿನಾ..."

"ನಾನು ಎದ್ದು ಬಂದು ಕೂತಿದ್ನಾ ಅಂತ ನಿಮ್ಮನ್ನೇ ಕೇಳ್ದೆ. ನೆನಪಿದ್ಯಾ?"

ಅವನ ಕೈಯ ಎಳನೀರು ತುಳುಕಿ ಮಣಿಕಟ್ಟಿನ ಮೇಲೆ ಹರಿಯಿತು.

"ಎದ್ದಿದ್ದೆ ಅಂದ್ರಿ. ಯಾಕೆ ಎದ್ದಿದ್ದೆ ರೀ ನಾನು?"

"ನೀರು ಕುಡಿಯೋಕೆ."

ಅವಳು ರಸ್ತೆಯ ಕಡೆ ತಿರುಗಿದಳು. ಕಾಲೇಜಿನ ಬಸ್ಸೊಂದು ಹೊಗೆ ಬಿಟ್ಟುಕೊಂಡು ಹೋಯಿತು. "ಅಮ್ಮನ್ನ ನೋಡೋಕೆ ಹೋಗೋದು ಬಿಟ್ಟೆ ನಾನು" ಎಂದಳು. "ನಿಮಗೆ ಏನೇನೋ ನೆಪ ಹೇಳ್ತಿದ್ದೆ. ಅವಳ ಮುಖ ನೋಡಿದ್ರೆ ನನ್ನ ಮುಂದಿನದೆಲ್ಲಾ ನೋಡ್ದಂಗೆ ಆಗ್ತಿತ್ತು, ಅದಕ್ಕೆ. ಕೊನೇ ಸಲ ಹೋದಾಗ ಚೂಡಿ ಅಂತ ಕರೆದಿದ್ಳು. ಮೊನ್ನೆ ಅಣ್ಣ ಫೋನ್ ಮಾಡಿದ್ದ. ಈಗ ಯಾರ ಗುರ್ತೂ ಸಿಗ್ತಿಲ್ವಂತೆ." ಅವಳು ಅಳಲಿಲ್ಲ. ಅತ್ತಿದ್ದರೆ ಅವನು ಮುಟ್ಟಬಹುದಿತ್ತು. ಅವನ ಎರಡೂ ಕೈಯಲ್ಲಿ ಎಳನೀರಿತ್ತು. ಆಟೊ ಒಂದಕ್ಕೆ ಕೈ ಮಾಡಿದಳು. "ಬಸವನಗುಡಿ" ಎಂದು ಹತ್ತಿ ಕೂತು, ಅವನಿಗೆ ಜಾಗ ಮಾಡದೆ, ಹೇಳಿದಳು: "ನೀವು ಕಾಲೇಜಿಗೆ ಹೋಗಿ. ನನಗೆ ಮರೆವು ಅಂತ ನಾನೇ ಅವ್ರಿಗೆ ಹೇಳ್ಬಿಟ್ಟಿದೀನಿ. ನಾನು ಹೇಳಿದ ಸುಳ್ಳು ನೀವೇ ತಿದ್ದಿ."

ಬನಶಂಕರಿಯ ಬಸ್ಸಿನಲ್ಲಿ ಅವನು ನಿಂತೇ ಹೋದ, ಸೀಟು ಖಾಲಿಯಿದ್ದರೂ. ಹೇಗೆ ಶುರು ಮಾಡುವುದು ಎಂದು ಯೋಚಿಸಿದ. ಒಬ್ಬ ಐವತ್ತು ದಾಟಿದ ಗಂಡಸು ಹೆಣ್ಣುಮಕ್ಕಳ ಕಾಲೇಜಿನ ಪ್ರಿನ್ಸಿಪಾಲರ ಎದುರು ಕೂತು ಕಂಪ್ಯೂಟರ್ ಆಟದ ಕಥೆ ಹೇಳುವುದು. ಕಾರಿಡಾರಿನ ಬೆಂಚಿನಲ್ಲಿ ಕೂರಿಸಿದರು. ಪಾಠ ಮುಗಿದು ಹೊರಬಂದ ಹುಡುಗಿಯರು ಅವನನ್ನು ಯಾರೋ ಅಪ್ಪ ಎಂದುಕೊಂಡು ನೋಡಿ ಹೋದರು. ಒಂದು ತರಗತಿಯಲ್ಲಿ ಚಿಕ್ಕ ವಯಸ್ಸಿನ ಒಬ್ಬ ಲೆಕ್ಚರರ್ ಬೋರ್ಡಿನ ಮೇಲೆ ಎಲೆಯೊಂದರ ಚಿತ್ರ ಬರೆಯುತ್ತಿದ್ದಳು. ಅದೇ ಚೂಡಾಮಣಿ ಬಿಟ್ಟುಕೊಟ್ಟ ತರಗತಿ ಇರಬೇಕು. ಪ್ರಿನ್ಸಿಪಾಲ್ ತಿಮ್ಮರಾಯಪ್ಪ ಒಳಗೆ ಕರೆದರು. ದಪ್ಪ ಕನ್ನಡಕ, ದೊಡ್ಡ ಮೇಜು, ಸಜ್ಜನ. "ಮೇಡಂ ಹೇಗಿದಾರೆ ಸಾರ್? ಪಾಪ, ಅವರ ತಾಯಿಗೂ ಹೀಗೇ ಅಂತೆ" ಎಂದು ಕಾಫಿ ತರಿಸಿದರು. ಸೀನು ಹೇಳಿದ. ಆಟ ಎಂದ, ಮಾಡ್ ಎಂದ, ತನ್ನ ಅಚಾತುರ್ಯ ಎಂದ, ಡಾಕ್ಟರು ಏನೂ ಇಲ್ಲ ಎಂದಿದ್ದಾರೆ ಎಂದ. ಪ್ರಿನ್ಸಿಪಾಲರ ಮುಖ ಅರಳಿತು.

"ಅಷ್ಟೇನಾ? ಅಯ್ಯೋ ಬಿಡಿ ಸಾರ್, ಆಟ ತಾನೆ! ನಾನೇನೋ ಅಂದ್ಕೊಂಡಿದ್ದೆ. ಗಂಡ ಹೆಂಡ್ತಿ ಮಧ್ಯೆ ಇವೆಲ್ಲ ಇದ್ದದ್ದೇ. ಪಾಪ, ಒಳ್ಳೇದಕ್ಕೇ ತಾನೆ ಮಾಡೋಕೆ ಹೋಗಿದ್ದು ನೀವು? ತಗೊಳ್ಳಿ, ಕಾಫಿ ಆರುತ್ತೆ."

ಸೀನು ಲೋಟ ಎತ್ತಿಕೊಂಡ. ಬಿಸಿ ಹದವಾಗಿತ್ತು. ಕುಡಿದು, ಕೈಮುಗಿದು, ಎದ್ದು ಹೋಗಬಹುದಿತ್ತು. ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದು ಅವನು ಊಹಿಸಿರಲಿಲ್ಲ. ಪ್ರಿನ್ಸಿಪಾಲರು ಆಗಲೇ ಬೇರೆ ಕಾಗದ ಎಳೆದುಕೊಂಡಿದ್ದರು. ಅವನು ಲೋಟವನ್ನು ಕೆಳಗಿಟ್ಟ.

"ಇಲ್ಲ ಸಾರ್. ನಾನು ಸರಿಯಾಗಿ ಹೇಳ್ಲಿಲ್ಲ" ಎಂದ. ಅವಳು ಕೇಳಿದ್ದು, ತಾನು ಅಂದದ್ದು, ಅನ್ನುವಾಗ ತನಗೆ ಏನೇನು ಗೊತ್ತಿತ್ತು ಎಂಬುದು, ಆಮೇಲಿನ ಒಂದೊಂದು ವಾರ, ಎಲ್ಲ ಹೇಳಿದ. ಅವಳು ಕೇಳಲು ಬಂದಾಗ ತನಗೆ ಹಿತವಾಗುತ್ತಿತ್ತು ಎಂಬುದನ್ನೂ ಹೇಳಿದ. ಹೇಳುತ್ತಿರುವಾಗ ತಿಮ್ಮರಾಯಪ್ಪನವರ ಮುಖದಿಂದ ನಗು ಮೊದಲು ಹೋಯಿತು, ನಂತರ ಸೌಜನ್ಯ. ಕೊನೆಗೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ವರ್ಷದ ಪಾಠ ಬೇರೆಯವ್ರಿಗೆ ಕೊಟ್ಟಾಗಿದೆ. ವಾಪಸ್ ತಗೊಳ್ಳೋಕಾಗಲ್ಲ" ಎಂದರು. "ಬರೋ ವರ್ಷ ಮೇಡಂಗೇ ಕೊಡ್ತೀನಿ. ಅವ್ರಿಗೆ ನಾನೇ ಹೇಳ್ತೀನಿ. ನೀವು ಹೇಳೋದು ಬೇಡ." ಅವನು ಕೈಮುಗಿದ. ಅವರು ಮುಗಿಯಲಿಲ್ಲ.

ಸಂಜೆ ಮನೆಯಲ್ಲಿ ಅವನು ದೀಪ ಹಾಕುವ ಮೊದಲೇ ಫೋನು ಬಂತು. ಅವಳೇ. "ಹೇಳಿದ್ರಾ?"

"ಹೇಳ್ದೆ."

"ಎಲ್ಲಾನೂ?"

"ಎಲ್ಲಾನೂ. ಒಂದೂ ಬಿಡ್ಲಿಲ್ಲ."

ಇಲ್ಲೇ ಇರ್ತೀನಿ ಎನ್ನುತ್ತಾಳೋ, ಬರ್ತೀನಿ ಎನ್ನುತ್ತಾಳೋ ಎಂದು ಸೀನು ರಿಸೀವರನ್ನು ಕಿವಿಗೆ ಒತ್ತಿಕೊಂಡು ಕಾದ. ಅವಳ ಹಿಂದೆ ಎಲ್ಲೋ ಗಿರಿಜಾದೇವಿಯವರ ದನಿ, ಮಗುವಿನ ಕುತೂಹಲದ ದನಿ, ತೇಲಿ ಬಂತು: "ಯಾರಮ್ಮ ಅದು ಫೋನಲ್ಲಿ?"

"ಗೊತ್ತಿಲ್ಲಮ್ಮ" ಎಂದಳು ಚೂಡಾಮಣಿ, ಮೃದುವಾಗಿ, ಮತ್ತು ಫೋನಿಟ್ಟಳು.